ಪಾರಿಜಾತನಾಮ ವಿಚಾರ

೧

ಉಡುಪಿ, ಕಾಪು, ಕಾರ್ಕಳ ಸೀಮೆಗಳಲ್ಲಿ ಮಳೆಯ ಬಿರುಸು ತಗ್ಗುತ್ತ ಬಂದಂತೆ, ಮನೆಯಂಗಳದ ಮೂಲೆಯಲ್ಲಿಯೋ ದೇವಸ್ಥಾನದ ಪೌಳಿಯ ಪಕ್ಕದಲ್ಲಿಯೋ ನಿಂತಿರುವ ಒಂದು ಸಣ್ಣ ಮರವು ದಿನದಿನವೂ ಸಂಜೆಗೆ ಹೂವನ್ನು ಬಿಡಲಾರಂಭಿಸುತ್ತದೆ. ಸೂರ್ಯಾಸ್ತವಾದ ಬಳಿಕ ಅರಳಿದ ಹೂ ಇರುಳೆಲ್ಲ ಕಂಪನ್ನು ಬೀರಿ, ಬೆಳಕು ಹರಿಯುವ ಹೊತ್ತಿಗೆ ತಾನಾಗಿ ಕಳಚಿ ನೆಲಕ್ಕೆ ಬೀಳುತ್ತದೆ. ಬಿಳಿಯ ಎಸಳು, ಕಿತ್ತಳೆ ಬಣ್ಣದ ಕೊಳವೆಯಂತಹ ತೊಟ್ಟು. ಬೆಳಗಾಗುವಾಗ ಮರದ ಬುಡವೆಲ್ಲ ಇವೆರಡೇ ಬಣ್ಣ. ಇದನ್ನು ಈ ಸೀಮೆಯವರೆಲ್ಲರೂ ಪಾರಿಜಾತವೆಂದು ಕರೆಯುತ್ತಾರೆ. ಕ್ಷೀರಸಮುದ್ರದಲ್ಲಿ ಹುಟ್ಟಿ, ಇಂದ್ರನ ನಂದನವನದಲ್ಲಿದ್ದು, ಶ್ರೀಕೃಷ್ಣನು ಸತ್ಯಭಾಮೆಗಾಗಿ ಭೂಮಿಗೆ ತಂದ ದೇವವೃಕ್ಷವು ಇದೇ ಎಂಬ ನಂಬಿಕೆಯೂ ಅಷ್ಟೇ ವ್ಯಾಪಕವಾಗಿದೆ.

ಕಾವ್ಯಗಳನ್ನು ಸಂಪಾದಿಸುವವರೂ ತರಗತಿಯಲ್ಲಿ ಪಾಠ ಹೇಳುವವರೂ ಈ ನಂಬಿಕೆಯನ್ನು ಸಾಮಾನ್ಯವಾಗಿ ಹಾಗೆಯೇ ಸ್ವೀಕರಿಸುವುದುಂಟು. ಹಳೆಯ ಪದ್ಯವೊಂದರಲ್ಲಿ ಪಾರಿಜಾತವೆಂಬ ಶಬ್ದ ಬಂದೊಡನೆ, ಇರುಳರಳಿ ಬೆಳಗಿಗೆ ಉದುರುವ ಹೂವೆಂದು ಅರ್ಥ ಹೇಳಿ, ಅದರಿಂದ ಕ್ಷಣಿಕತೆ, ವಿರಹ, ನಿಶೆ ಮೊದಲಾದ ಧ್ವನಿಗಳನ್ನು ಹೊರಡಿಸುವುದು ಬಳಕೆಯಾಗಿದೆ. ಆದರೆ ಪುರಾಣದ ಪಾರಿಜಾತ, ನಿಘಂಟಿನ ಪಾರಿಜಾತ, ಅಂಗಳದ ಪಾರಿಜಾತ ಇವು ಮೂರೂ ಒಂದೇ ಗಿಡವೆಂಬುದಕ್ಕೆ ಆಧಾರವುಂಟೆ? ಇಲ್ಲವಾದರೆ ಒಂದು ಹೆಸರು ಈ ಇರುಳ ಹೂವಿಗೆ ಬಂದು ಸೇರಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತ ಹೊರತು ಪಾರಿಜಾತವೆಂಬ ಶಬ್ದವಿರುವ ಪದ್ಯಗಳಿಗೆ ಸರಿಯಾದ ಅರ್ಥವನ್ನು ಹೇಳುವುದು ಸಾಧ್ಯವಾಗದು. ಆದಕಾರಣ ಈ ವಿಚಾರವು ಸಸ್ಯಶಾಸ್ತ್ರಕ್ಕೆ ಮಾತ್ರವಲ್ಲದೆ ಸಾಹಿತ್ಯಕ್ಕೂ ಸಂಬಂಧಪಟ್ಟುದಾಗಿದೆ.

೨

ಮೊದಲು ಗಿಡದ ಸಂಗತಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್. ಮೊದಲ ಪದವು ಗ್ರೀಕ್ ಮೂಲದ್ದು. ಇರುಳ ಹೂ ಎಂದು ಅದರ ಅರ್ಥ. ಉಳಿದ ಪದಗಳು ಲ್ಯಾಟಿನ್. ದುಃಖದ ಮರ ಎಂದು ಅರ್ಥ. ಹಗಲಿನಲ್ಲಿ ಹೂವಿಲ್ಲದೆ ಒರಟು ಎಲೆಗಳಿಂದ ಬಾಡಿದಂತೆ ತೋರುವುದರಿಂದ ಈ ಹೆಸರು ಬಂದಿತು. ಎಳೆಯ ಕೊಂಬೆಗಳು ನಾಲ್ಕು ಮೂಲೆಯುಳ್ಳವು. ಎಲೆಯ ಮೇಲ್ಮೈ ಎಷ್ಟು ಒರಟೆಂದರೆ ಮರವನ್ನೂ ದಂತವನ್ನೂ ಉಜ್ಜಿ ನಯಗೊಳಿಸುವುದಕ್ಕೆ ಅದನ್ನು ಬಳಸುತ್ತಿದ್ದರು. ಕಹಿಯಾದ ಆ ಎಲೆಯ ರಸವನ್ನು ಜ್ವರಕ್ಕೂ ಸೊಂಟದಿಂದ ಕಾಲಿಗೆ ಇಳಿಯುವ ವಾತದ ನೋವಿಗೂ ಮನೆಮದ್ದಾಗಿ ಕೊಡುವುದುಂಟು. ಕಾಯಿ ಚಪ್ಪಟೆಯಾಗಿದ್ದು ಒಳಗೆ ಎರಡು ಬೀಜಗಳಿರುತ್ತವೆ. ಹೂವಿನ ಬಿಳುಪೂ ತೀಕ್ಷ್ಣವಾದ ಕಂಪೂ ಕತ್ತಲೆಯಲ್ಲಿ ಹಾರುವ ಪತಂಗಗಳನ್ನು ಸೆಳೆಯುವ ಸಾಧನಗಳು.

ಈ ವಿಚಾರದಲ್ಲಿ ಮುಖ್ಯವಾದುದು ಇದರ ಹುಟ್ಟುನೆಲ. ಕಾಡುಗಿಡವಾಗಿ ಇದು ಬೆಳೆಯುವುದು ಹಿಮಾಲಯದ ತಪ್ಪಲಿನ ಒಣ ಇಳಿಜಾರುಗಳಲ್ಲಿ, ಮಧ್ಯಭಾರತದ ಕಲ್ಲುಗುಡ್ಡಗಳಲ್ಲಿ, ಅಲ್ಲಿಂದ ದಕ್ಷಿಣಕ್ಕೆ ಗೋದಾವರಿಯ ಸುತ್ತಿನ ಎಲೆಯುದುರುವ ಅಡವಿಗಳಲ್ಲಿ. ಮಳೆ ಕಡಿಮೆಯಾದ, ಮಣ್ಣು ತೆಳುವಾದ ನೆಲವೇ ಇದರ ತವರು. ವರ್ಷಕ್ಕೆ ೪,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಉಡುಪಿಯ ಕರಾವಳಿಯು ಇದರ ಸಹಜವಾದ ನೆಲೆಯಲ್ಲ. ಈ ಸೀಮೆಯಲ್ಲಿ ಒಣನೆಲಕ್ಕೆ ಸಮೀಪವೆನ್ನಬಹುದಾದುದು ಮುರಕಲ್ಲಿನ ಪದವು. ಮಣಿಪಾಲವು ಅಂತಹ ಒಂದು ಮುರಕಲ್ಲ ಗುಡ್ಡ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವಿದ್ಯಾಸಂಸ್ಥೆಗಳು ಏಳುವುದಕ್ಕೆ ಮೊದಲು ಅದು ಬೋಳಾಗಿದ್ದಿತು. ಮಣ್ಣುಪಳ್ಳವೆಂಬ ಕೆರೆಯಿಂದ ಊರಿಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ಇಂತಹ ಪದವುಗಳಲ್ಲಿ ಮಳೆಗಾಲದಲ್ಲಿ ನೀಲಿ, ಬಿಳಿ, ಹಳದಿಯ ಕಿರುಹೂಗಳ ಕಾಡುಗಿಡಗಳು ದಟ್ಟವಾಗಿ ಎದ್ದು, ನೆಲ ಒಣಗಿದೊಡನೆ ಮಾಯವಾಗುತ್ತವೆ. ಪಾರಿಜಾತವು ಆ ಗುಂಪಿಗೆ ಸೇರಿದ್ದಲ್ಲ. ಇಲ್ಲಿ ಅದು ಎಲ್ಲೆಡೆಯಲ್ಲಿಯೂ ನೆಟ್ಟ ಗಿಡ; ಮನೆ, ಮಠ, ಬಸದಿ, ದೇವಸ್ಥಾನಗಳ ಆಸರೆಯಲ್ಲಿ ಬದುಕಿರುವ ಗಿಡ. ಉತ್ತರದ ಒಣಗುಡ್ಡಗಳ ಹೂವೊಂದನ್ನು ಮನುಷ್ಯರು ಕೈಯಾರೆ ಈ ಮಳೆನಾಡಿಗೆ ತಂದರೆಂಬುದು ಇದರಿಂದ ವಿದಿತವಾಗುತ್ತದೆ. ತಂದಾಗ ಅದಕ್ಕೆ ಇಲ್ಲಿ ಒಂದು ಹೆಸರು ಬೇಕಾಯಿತು.

೩

ಇನ್ನು ನಿಘಂಟುಗಳ ಸಾಕ್ಷ್ಯ. ಅಮರಸಿಂಹನು ಪಾರಿಜಾತವನ್ನು ಎರಡು ಕಡೆ ಹೇಳಿದ್ದಾನೆ. ಸ್ವರ್ಗವರ್ಗದಲ್ಲಿ ಮಂದಾರ, ಪಾರಿಜಾತ, ಸಂತಾನ, ಕಲ್ಪವೃಕ್ಷ, ಹರಿಚಂದನ ಎಂಬ ಐದು ದೇವತರುಗಳಲ್ಲಿ ಅದು ಒಂದು. ಭೂಮಿಯ ಗಿಡಮರಗಳನ್ನು ಹೇಳುವ ವನೌಷಧಿವರ್ಗದಲ್ಲಿ ಪಾರಿಭದ್ರ, ನಿಂಬತರು, ಮಂದಾರ, ಪಾರಿಜಾತಕ ಎಂಬಿವು ಒಂದೇ ಮರದ ಪರ್ಯಾಯನಾಮಗಳಾಗಿವೆ. ಪಾರಿಭದ್ರವೆಂದರೆ ಕನ್ನಡದಲ್ಲಿ ಹಾಲುವಾಣ. ಕರಾವಳಿಯವರ ಬಾಯಲ್ಲಿ ಪೊಂಗಾರೆ. ಮೈಯಲ್ಲಿ ಮುಳ್ಳು, ಒಂದು ತೊಟ್ಟಿಗೆ ಮೂರು ಎಲೆ, ಎಲೆಯುದುರಿದ ಕಾಲದಲ್ಲಿ ಕೊಂಬೆಗಳ ತುದಿಗೆ ಕಡುಗೆಂಪಿನ ಹೂ. ಬೇಲಿಗೂ, ಮೆಣಸಿನ ಬಳ್ಳಿಯ ಆಸರೆಗೂ ಇದನ್ನು ನೆಡುವುದು ಎಲ್ಲರಿಗೂ ತಿಳಿದುದೇ. ಇದರ ಹೂ ಹಗಲಿನದು, ಹಕ್ಕಿಗಳು ಬಂದು ಜೇನು ಕುಡಿಯುವಂತಹುದು, ಕಂಪಿಲ್ಲದುದು. ಅಂಗಳದ ಪಾರಿಜಾತಕ್ಕೂ ಇದಕ್ಕೂ ಹೂವಿನ ರೂಪದಲ್ಲಿಯಾಗಲಿ ಅರಳುವ ವೇಳೆಯಲ್ಲಿಯಾಗಲಿ ಯಾವ ಸಾಮ್ಯವೂ ಇಲ್ಲ.

ಹಾಗಾದರೆ ಈ ಇರುಳ ಹೂವಿಗೆ ಸಂಸ್ಕೃತದಲ್ಲಿ ಹೆಸರಿರಲಿಲ್ಲವೆ? ಇದ್ದಿತು. ಶೇಫಾಲಿಕೆ ಎಂಬುದೇ ಅದು. ಅಮರನು ಶೇಫಾಲಿಕೆಯನ್ನು ನಿರ್ಗುಂಡಿಯೊಡನೆ, ಎಂದರೆ ಲಕ್ಕಿಗಿಡದೊಡನೆ, ಸೇರಿಸಿ ಹೇಳಿರುವುದರಿಂದ ಕೋಶಗಳಲ್ಲಿ ಸ್ವಲ್ಪ ಗೊಂದಲ ಉಂಟಾಗಿದೆ. ಆದರೆ ಕವಿಗಳ ಬಳಕೆಯಲ್ಲಿ ಗೊಂದಲವಿಲ್ಲ. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದಲ್ಲಿ ಶೇಫಾಲಿಕೆಯ ಕಂಪು ಶರದೃತುವಿನ ಉದ್ಯಾನದ ಲಕ್ಷಣಗಳಲ್ಲಿ ಒಂದು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಸಮಯಗಳನ್ನು ಎಣಿಸುವಾಗ ಶೇಫಾಲಿಕೆಯ ಹೂ ಉದುರುವುದನ್ನು ಇರುಳಿಗೆ ಸಂಬಂಧಿಸಿ ಹೇಳುತ್ತಾನೆ. ಶರತ್ಕಾಲ, ಕಂಪು, ಇರುಳು, ಉದುರುವಿಕೆ ಈ ನಾಲ್ಕೂ ಕೂಡಿದ ಗಿಡ ಲಕ್ಕಿಯಲ್ಲ, ಇಂದಿನ ಪಾರಿಜಾತವೇ.

ಆದುದರಿಂದ ಪ್ರಾಚೀನ ಸಂಸ್ಕೃತ ಸಾಹಿತ್ಯದಲ್ಲಿ ಇರುಳರಳುವ ಹೂ ಶೇಫಾಲಿಕೆಯೆಂದೂ, ಪಾರಿಜಾತವು ಸ್ವರ್ಗದಲ್ಲಿ ಒಂದು ದೇವತರು, ಭೂಮಿಯಲ್ಲಿ ಹಾಲುವಾಣವೆಂದೂ ಇತ್ಯರ್ಥವಾಗುತ್ತದೆ. ಹೆಸರು ಮೊದಲಿನಿಂದಲೂ ಈ ಹೂವಿನದಾಗಿರಲಿಲ್ಲ.

೪

ಪುರಾಣಗಳ ವರ್ಣನೆಯನ್ನು ನೋಡಿದರೂ ಇದೇ ತಿಳಿದುಬರುತ್ತದೆ. ವಿಷ್ಣುಪುರಾಣದ ಐದನೆಯ ಅಂಶದಲ್ಲಿ, ನರಕಾಸುರನ ವಧೆಯಾದ ಮೇಲೆ ಅದಿತಿಯ ಕುಂಡಲಗಳನ್ನು ಒಪ್ಪಿಸಲು ಸ್ವರ್ಗಕ್ಕೆ ಹೋದ ಕೃಷ್ಣನು ಪಾರಿಜಾತವನ್ನು ಕಾಣುತ್ತಾನೆ. ಅದರ ತೊಗಟೆ ಚಿನ್ನದಂತಹುದು, ಚಿಗುರು ತಾಮ್ರವರ್ಣದ್ದು, ಹೂಗೊಂಚಲುಗಳು ದಟ್ಟವಾದವು, ಕಂಪು ಮೂರು ಯೋಜನದವರೆಗೆ ಹರಡತಕ್ಕದ್ದು. ಅದರ ಬಳಿಗೆ ಬಂದ ಯಾದವರಿಗೆ ಪೂರ್ವಜನ್ಮದ ಸ್ಮರಣೆಯುಂಟಾಯಿತೆಂದೂ ಅಲ್ಲಿ ಹೇಳಿದೆ. ಇರುಳಿಗೆ ಅರಳುತ್ತದೆಂದಾಗಲಿ ಬೆಳಗಿಗೆ ಉದುರುತ್ತದೆಂದಾಗಲಿ ಆ ವರ್ಣನೆಯಲ್ಲಿ ಮಾತಿಲ್ಲ. ಭಾಗವತದ ದಶಮಸ್ಕಂಧದಲ್ಲಿ ಕಥೆ ಇನ್ನೂ ಸಂಕ್ಷೇಪ. ಸತ್ಯಭಾಮೆಯ ಮನೆಯ ಉದ್ಯಾನದಲ್ಲಿ ಮರವನ್ನು ನಿಲ್ಲಿಸಿದಾಗ ಅದರ ಕಂಪಿಗೆ ಆಸೆಪಟ್ಟು ಸ್ವರ್ಗದ ದುಂಬಿಗಳು ಹಿಂಬಾಲಿಸಿ ಬಂದುವೆಂದು ಹೇಳಿ ಮುಗಿಸಿದೆ. ದುಂಬಿಗಳು ಮುತ್ತುವುದು ಹಗಲಿನ ಚಿತ್ರ.

ಉಡುಪಿಯ ಪರಂಪರೆಗೆ ಈ ಭಾಗವತವು ಪರಮಪ್ರಮಾಣ. ಶ್ರೀಮಧ್ವಾಚಾರ್ಯರು ಅದಕ್ಕೆ ತಾತ್ಪರ್ಯನಿರ್ಣಯವನ್ನು ರಚಿಸಿದರು. ಅಷ್ಟಮಠಗಳಲ್ಲೊಂದಾದ ಪೇಜಾವರ ಮಠದ ಯತಿಗಳಾದ ವಿಜಯಧ್ವಜತೀರ್ಥರು ಪದರತ್ನಾವಳಿಯೆಂಬ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದರು. ಕೃಷ್ಣನ ಕ್ಷೇತ್ರದಲ್ಲಿ ಕೃಷ್ಣನು ತಂದ ಮರವೆಂಬ ಗೌರವ ಈ ಹೂವಿಗೆ ಸಂದುದು ಸಹಜವೇ ಸರಿ. ಕನ್ನಡದಲ್ಲಿ ವಿಷ್ಣುಪುರಾಣವನ್ನು ಅನುಸರಿಸಿ ಕೃಷ್ಣಕಥೆಯನ್ನು ಚಂಪುವಾಗಿ ಹೇಳಿದವನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿದ್ದ ರುದ್ರಭಟ್ಟ. ಅವನ ಜಗನ್ನಾಥವಿಜಯದಂತಹ ಕಾವ್ಯವನ್ನು ಓದುವಾಗ, ಮೂಲಪುರಾಣದ ದೇವತರುವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕೇ ಹೊರತು ಅಂಗಳದ ಹೂವನ್ನಲ್ಲ.

ಕಾರ್ಕಳದ ಜೈನಪರಂಪರೆಯಲ್ಲಿ ಇದೇ ಶಬ್ದವು ಬೇರೊಂದು ದಾರಿಯಿಂದ ಬಂದಿದೆ. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಬಾಹುಬಲಿಯ ಮೂರ್ತಿಯೂ, ೧೫೮೬ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯೂ ಆ ಊರನ್ನು ದಿಗಂಬರರ ಪ್ರಸಿದ್ಧ ಸ್ಥಾನವನ್ನಾಗಿ ಮಾಡಿದುವು. ತೀರ್ಥಂಕರನಿಗೆ ಹೇಳುವ ಎಂಟು ಪ್ರಾತಿಹಾರ್ಯಗಳಲ್ಲಿ ದೇವತೆಗಳು ಸುರಿಸುವ ಪುಷ್ಪವೃಷ್ಟಿಯು ಒಂದು. ಮಾನತುಂಗನ ಭಕ್ತಾಮರಸ್ತೋತ್ರದಲ್ಲಿ ಈ ಮಳೆಯ ಹೂಗಳನ್ನು ಹೆಸರಿಸುವಾಗ ಮಂದಾರ, ನಮೇರು, ಸಂತಾನಕಗಳ ಜೊತೆಗೆ ಪಾರಿಜಾತವೂ ಬರುತ್ತದೆ. ಶ್ವೇತಾಂಬರರು ಪಠಿಸುವ ೪೪ ಪದ್ಯಗಳ ಪಾಠದಲ್ಲಿ ಈ ಪದ್ಯವಿಲ್ಲ. ದಿಗಂಬರರ ೪೮ ಪದ್ಯಗಳ ಪಾಠದಲ್ಲಿ ಮಾತ್ರ ಇದೆ. ಇಲ್ಲಿಯೂ ಪಾರಿಜಾತವು ಸ್ವರ್ಗದ ಹೂವೇ. ಮಂದಾರ, ಸಂತಾನಕಗಳ ಸಾಲಿನಲ್ಲಿ ನಿಂತಿರುವುದೇ ಅದಕ್ಕೆ ಸಾಕ್ಷಿ. ಆದರೆ ಆಕಾಶದಿಂದ ಸುರಿಯುವ ಹೂವೆಂಬ ಕಲ್ಪನೆಗೂ ನಸುಕಿನಲ್ಲಿ ಸದ್ದಿಲ್ಲದೆ ಸುರಿಯುವ ಮರಕ್ಕೂ ಜನರ ಮನಸ್ಸಿನಲ್ಲಿ ನಂಟು ಬೆಳೆದಿದ್ದರೆ ಆಶ್ಚರ್ಯವಿಲ್ಲ.

೫

ಪಾರಿಜಾತವೆಂಬ ಹೆಸರು ಇರುಳ ಹೂವಿಗೆ ಅಂಟಿದ್ದಕ್ಕೆ ಈ ಪಶ್ಚಿಮ ಕರಾವಳಿಯಲ್ಲಿ ದೊರೆಯುವ ಸ್ಪಷ್ಟವಾದ, ಕಾಲನಿರ್ದೇಶವುಳ್ಳ ಸಾಕ್ಷ್ಯವು ೧೫೬೩ರದು. ಆ ವರ್ಷ ಗೋವೆಯಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನು ಭಾರತದ ಮೂಲಿಕೆಗಳನ್ನು ಕುರಿತು ಸಂವಾದರೂಪದ ಗ್ರಂಥವನ್ನು ಅಚ್ಚು ಹಾಕಿಸಿದನು. ಅವನು ೧೫೩೪ರಲ್ಲಿ ಭಾರತಕ್ಕೆ ಬಂದವನು. ಅವನ ಗ್ರಂಥದ ಒಂದು ಸಂವಾದವೆಲ್ಲ ದುಃಖದ ಮರವನ್ನು ಕುರಿತುದು. ಇರುಳರಳಿ ಬೆಳಗಿಗೆ ಉದುರುವ ಸ್ವಭಾವವನ್ನು ಹೇಳಿದ ಬಳಿಕ ಅವನು ಸ್ಥಳೀಯರಿಂದ ಕೇಳಿದ ಕಥೆಯೊಂದನ್ನು ಕೊಡುತ್ತಾನೆ. ಪಾರಿಜಾತಕನೆಂಬ ಪ್ರಭುವಿಗೆ ರೂಪವತಿಯಾದ ಮಗಳಿದ್ದಳು. ಅವಳು ಸೂರ್ಯನಲ್ಲಿ ಅನುರಕ್ತಳಾದಳು. ಸೂರ್ಯನು ಅವಳನ್ನು ತೊರೆದು ಬೇರೊಬ್ಬಳನ್ನು ಕೂಡಿದನು. ಅವಳು ಪ್ರಾಣ ಬಿಟ್ಟಳು. ಸುಟ್ಟ ಬೂದಿಯಿಂದ ಹುಟ್ಟಿದ ಮರವು ಸೂರ್ಯನನ್ನು ನೋಡಲೊಲ್ಲದೆ ಇರುಳಿನಲ್ಲಿ ಮಾತ್ರ ಹೂ ಬಿಡುತ್ತದೆ.

ಈ ಕಥೆಯಿಂದ ಎರಡು ವಿಷಯಗಳು ಹೊರಡುತ್ತವೆ. ಮೊದಲನೆಯದು, ೧೫೬೩ರ ವೇಳೆಗೆ ಗೋವೆಯಲ್ಲಿ ಈ ಗಿಡದ ಹೆಸರು ಪಾರಿಜಾತಕವೇ ಆಗಿದ್ದಿತು. ಎರಡನೆಯದು, ಹೆಸರಿನಿಂದಲೇ ಒಬ್ಬ ಪ್ರಭುವನ್ನು ಕಲ್ಪಿಸಿ ಕಥೆ ಕಟ್ಟುವಷ್ಟು ಕಾಲ ಆ ಹೆಸರು ಬಳಕೆಯಲ್ಲಿದ್ದಿತು. ಇದರಲ್ಲಿ ಕೃಷ್ಣನೂ ಇಲ್ಲ, ಸತ್ಯಭಾಮೆಯೂ ಇಲ್ಲ. ಇರುಳರಳುವುದೇಕೆ ಎಂಬ ಪ್ರಶ್ನೆಗೆ ಪುರಾಣದಲ್ಲಿ ಉತ್ತರವಿಲ್ಲದುದರಿಂದ ಜನರು ತಾವೇ ಉತ್ತರವನ್ನು ಹುಟ್ಟಿಸಿಕೊಂಡರೆಂಬುದು ಸ್ಪಷ್ಟ. ಹೂವಿನ ಕಿತ್ತಳೆಯ ಕೊಳವೆಯನ್ನು ಅಡುಗೆಗೆ ಬಣ್ಣ ಕೊಡಲು ಕೇಸರಿಯಂತೆ ಬಳಸಬಹುದೆಂಬ ಸಂಗತಿಯನ್ನೂ ಓರ್ತಾ ಹೇಳಿದ್ದಾನೆ. ಈಚಿನ ರಸಾಯನಶಾಸ್ತ್ರವು ಈ ಸಾಮ್ಯವನ್ನು ದೃಢಪಡಿಸಿದೆ. ಪಾರಿಜಾತದ ಕೊಳವೆಯಲ್ಲಿಯೂ ಕೇಸರಿಯ ಎಳೆಯಲ್ಲಿಯೂ ಇರುವ ಬಣ್ಣ ಕ್ರೋಸೆಟಿನ್ ಎಂಬ ಒಂದೇ ದ್ರವ್ಯದಿಂದ ಆದುದು.

ಓರ್ತಾನ ಬಳಿಕ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಕೊಚ್ಚಿಯ ಡಚ್ ಅಧಿಕಾರಿಯಾದ ವಾನ್ ರೀಡನು ಹೋರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥವನ್ನು ಸಿದ್ಧಪಡಿಸಿದನು. ೧೬೭೮ರಲ್ಲಿ ಹೊರಟ ಮೊದಲ ಸಂಪುಟದಲ್ಲಿ ಈ ಗಿಡದ ಚಿತ್ರವಿದೆ. ಅಲ್ಲಿ ಮಲಯಾಳದ ಹೆಸರು ಮಂಜಪೂಮರಂ, ಎಂದರೆ ಹಳದಿ ಹೂವಿನ ಮರ. ಬ್ರಾಹ್ಮಣರ ಹೆಸರೆಂದು ಕೊಟ್ಟಿರುವುದು ಪಾರಿಯಾತಿಕು. ರೀಡನಿಗೆ ಈ ಎರಡನೆಯ ಬಗೆಯ ಹೆಸರುಗಳನ್ನು ಒದಗಿಸಿದವರು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವೈದ್ಯರು. ಒಂದೇ ಊರಿನಲ್ಲಿ ಮಲಯಾಳಿಗರು ಬಣ್ಣದಿಂದ ಹೆಸರಿಸಿದ ಗಿಡವನ್ನು ಕೊಂಕಣಿಗರು ಪುರಾಣದಿಂದ ಹೆಸರಿಸಿದ್ದರೆಂಬುದು ಗಮನಾರ್ಹ. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಈ ಸಮಾಜದವರು ಗೋವೆಗೂ ಕೊಚ್ಚಿಗೂ ನಡುವಿನ ಕರಾವಳಿಯಲ್ಲೆಲ್ಲ ನೆಲೆಸಿದರು. ಪಡುತಿರುಪತಿಯೆಂದು ಹೆಸರಾದ ಕಾರ್ಕಳದ ವೆಂಕಟರಮಣ ದೇವಸ್ಥಾನವು ಅವರದೇ. ಉಡುಪಿ, ಕಾರ್ಕಳಗಳು ಆ ದಾರಿಯ ನಡುವೆಯೇ ಇರುವುದರಿಂದ ಹೆಸರೂ ಗಿಡವೂ ಈ ಸೀಮೆಯಲ್ಲಿ ಹರಡುವುದಕ್ಕೆ ಇವರ ಸಂಚಾರವು ಒಂದು ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ.

ಲಿನೇಯಸನು ೧೭೫೩ರಲ್ಲಿ ಇದಕ್ಕೆ ನಿಕ್ಟಾಂಥಿಸ್ ಎಂಬ ಹೆಸರನ್ನು ಸ್ಥಿರಪಡಿಸಿದನು. ಆರ್ಬರ್-ಟ್ರಿಸ್ಟಿಸ್ ಎಂಬುದು ಓರ್ತಾನ ದುಃಖದ ಮರವೇ. ಹತ್ತು ವರ್ಷಗಳ ಮೇಲೆ, ೧೭೬೩ರಲ್ಲಿ, ಫ್ರಾನ್ಸಿನ ಅದಾನ್ಸನ್ ಎಂಬ ವಿದ್ವಾಂಸನು ರೀಡನಲ್ಲಿದ್ದ ಪಾರಿಯಾತಿಕು ಎಂಬುದನ್ನೇ ಜಾತಿನಾಮವಾಗಿ ಸೂಚಿಸಿದನು, ಅದು ನಿಲ್ಲಲಿಲ್ಲ. ನಿಂತಿದ್ದರೆ ಕೊಂಕಣಿ ವೈದ್ಯರ ಮಾತೊಂದು ಜಗತ್ತಿನ ಸಸ್ಯಶಾಸ್ತ್ರದಲ್ಲಿ ಉಳಿಯುತ್ತಿದ್ದಿತು.

೬

ದೇಶಭಾಷೆಗಳ ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ ಈ ಸ್ಥಾನಪಲ್ಲಟದ ವ್ಯಾಪ್ತಿಯು ಗೊತ್ತಾಗುತ್ತದೆ. ಬಂಗಾಳಿಯಲ್ಲಿ ಶಿಉಲಿ, ಅಸ್ಸಾಮಿಯಲ್ಲಿ ಶೇವಾಲಿ, ಒಡಿಯಾದಲ್ಲಿ ಗಂಗಶಿಉಳಿ. ಇವೆಲ್ಲ ಶೇಫಾಲಿಕೆಯ ತದ್ಭವಗಳು. ಪಶ್ಚಿಮ ಬಂಗಾಳವು ಈ ಹೂವನ್ನು ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿರುವುದೂ ಶಿಉಲಿಯೆಂಬ ಹೆಸರಿನಿಂದಲೇ. ಹಿಂದಿಯಲ್ಲಿ ಹರಸಿಂಗಾರ. ಮರಾಠಿ, ಕೊಂಕಣಿ, ಕನ್ನಡ, ತೆಲುಗುಗಳಲ್ಲಿ ಪಾರಿಜಾತ ಅಥವಾ ಅದರ ರೂಪಾಂತರ. ತಮಿಳು, ಮಲಯಾಳಗಳಲ್ಲಿ ಹವಳಮಲ್ಲಿಗೆಯೆಂಬ ಅರ್ಥದ ಪವಳಮಲ್ಲಿಗೈ, ಪವಿಳಮಲ್ಲಿ. ಗಿಡವು ಕಾಡಿನಲ್ಲಿ ತಾನಾಗಿ ಬೆಳೆಯುವ ಉತ್ತರದ ಕಡೆ ಹಳೆಯ ಹೆಸರು ಮಾತಿನಲ್ಲಿ ಸವೆದು ಉಳಿದಿದೆ. ನೆಟ್ಟು ಬೆಳೆಸಿದ ತೆಂಕಣ ಕಡೆ ಹೆಚ್ಚಾಗಿ ಬಣ್ಣದ ಹೆಸರೋ ಪುರಾಣದ ಹೆಸರೋ ಬಂದಿದೆ. ಕರಾವಳಿಯ ಮಾತಿನಲ್ಲಿ ಪಾರಿಜಾತವೆಂಬುದು ಸವೆಯದೆ ತತ್ಸಮವಾಗಿಯೇ ನಿಂತಿರುವುದು, ಅದು ಕಾಡಿನಿಂದಲ್ಲದೆ ಪುರಾಣಶ್ರವಣದಿಂದ ಬಂದ ಹೆಸರೆಂಬುದನ್ನು ಸೂಚಿಸುತ್ತದೆ.

ಹೆಸರು ಹಾಲುವಾಣವನ್ನು ಬಿಟ್ಟು ಇದಕ್ಕೆ ಬಂದುದೇಕೆ ಎಂಬುದಕ್ಕೂ ಪುರಾಣದಲ್ಲಿಯೇ ಕಾರಣವಿದೆ. ಪುರಾಣದ ಪಾರಿಜಾತಕ್ಕೆ ಮುಖ್ಯವಾದ ಗುಣ ಕಂಪು. ಹಾಲುವಾಣದ ಹೂವಿಗೆ ಕಂಪಿಲ್ಲ. ಕೋಶವು ಏನೇ ಹೇಳಲಿ, ಮೂರು ಯೋಜನ ಕಂಪನ್ನು ಬೀರುವ ದೇವತರುವನ್ನು ಬೇಲಿಯ ಮುಳ್ಳುಮರದಲ್ಲಿ ಕಾಣುವುದು ಭಕ್ತರಿಗೆ ಕಷ್ಟವಾಯಿತು. ಕಂಪೂ ಇದ್ದು, ಹವಳದ ಬಣ್ಣವೂ ಇದ್ದು, ಊರಿಗೆ ಹೊಸದಾಗಿ ಬಂದು, ರೂಢಿಯ ಹೆಸರಿಲ್ಲದೆ ನಿಂತಿದ್ದ ಇರುಳ ಹೂವು ಆ ಹೆಸರಿಗೆ ಯೋಗ್ಯವಾಗಿ ತೋರಿತು.

ಇಂತಹ ಸ್ಥಾನಪಲ್ಲಟ ಅಸಂಭವವೆಂದು ಯಾರಾದರೂ ಶಂಕಿಸಿದರೆ, ಈಚಿನ ಕಾಲದಲ್ಲಿಯೇ ಅದಕ್ಕೆ ಸಮಾನವಾದ ಉದಾಹರಣೆಯುಂಟು. ಕರಾವಳಿಯ ಮನೆಗಳಲ್ಲಿ ಕುಂಡದಲ್ಲಿ ಬೆಳೆಸಿ, ವರ್ಷಕ್ಕೆ ಕೆಲವೇ ಇರುಳು ಅರಳುವುದನ್ನು ನೆರೆಹೊರೆಯವರನ್ನು ಕರೆದು ತೋರಿಸುವ ಬ್ರಹ್ಮಕಮಲವು ನಿಜವಾಗಿ ಮೆಕ್ಸಿಕೊ ಕಡೆಯ ಕಳ್ಳಿಯ ಜಾತಿಯ ಗಿಡ. ಸಸ್ಯಶಾಸ್ತ್ರದಲ್ಲಿ ಅದು ಎಪಿಫಿಲಂ ಆಕ್ಸಿಪೆಟಲಂ. ಬ್ರಹ್ಮಕಮಲವೆಂಬ ಹೆಸರು ಮೂಲತಃ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರೊಂದು ಗಿಡದ್ದು. ಉತ್ತರಾಖಂಡದ ರಾಜ್ಯಪುಷ್ಪ ಅದು. ಹೊರಗಿನಿಂದ ಬಂದ, ಹೆಸರಿಲ್ಲದ, ಇರುಳಿನಲ್ಲಿ ಬೆರಗುಗೊಳಿಸುವ ಹೂವಿಗೆ ದೇವರ ಹೆಸರೊಂದು ತಾನಾಗಿ ಬಂದು ಸೇರಿತು. ಪಾರಿಜಾತದ ವಿಷಯದಲ್ಲಿ ಶತಮಾನಗಳ ಹಿಂದೆ ನಡೆದುದೂ ಇದೇ ರೀತಿಯ ಸಂಗತಿ.

೭

ಹೆಸರು ಹೂವಿಗೆ ಬಂದ ಮೇಲೆ ಹೂವು ಕಥೆಯನ್ನು ತಿದ್ದಿತು. ಎಲ್ಲರೂ ಬಲ್ಲ ಜನಪ್ರಿಯ ಕಥೆಯಲ್ಲಿ, ಕೃಷ್ಣನು ಮರವನ್ನು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟರೂ ಹೂಗಳು ಬಂದು ಬೀಳುವುದು ನೆರೆಯ ರುಕ್ಮಿಣಿಯ ಅಂಗಳದಲ್ಲಿ. ವಿಷ್ಣುಪುರಾಣದಲ್ಲಿಯಾಗಲಿ ಭಾಗವತದಲ್ಲಿಯಾಗಲಿ ಈ ಅಂಶವಿಲ್ಲ. ಹರಿವಂಶದ ಪ್ರಚಲಿತ ಪಾಠದಲ್ಲಿ ನಾರದನು ತಂದ ಒಂದು ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟುದರಿಂದ ಸತ್ಯಭಾಮೆಯ ಮುನಿಸು ಹುಟ್ಟುತ್ತದೆ. ಹೂ ಉದುರಿ ಗೋಡೆಯಾಚೆ ಬೀಳುವ ಮಾತು ಆ ಮುನಿಸಿಗೆ ಕಾರಣವಲ್ಲ. ದಿನವೂ ಬೆಳಗಿನಲ್ಲಿ ತಾನಾಗಿ ಹೂ ಸುರಿಸುವ ಮರವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಈ ಕೊನೆಯು ಹೊಳೆಯುವುದು ಸಾಧ್ಯ. ಹಾಲುವಾಣವನ್ನಾಗಲಿ ಸ್ವರ್ಗದ ಚಿನ್ನದ ತೊಗಟೆಯ ಮರವನ್ನಾಗಲಿ ನೆನೆದುಕೊಂಡು ಇಂತಹ ಕೊನೆಯನ್ನು ಕಟ್ಟಲಾಗದು. ಆದುದರಿಂದ ಈ ಕಥಾಂಶವು ಹೆಸರು ಇರುಳ ಹೂವಿಗೆ ಸೇರಿದ ಬಳಿಕ ಹುಟ್ಟಿದುದೆಂದು ನಿರ್ಣಯಿಸುವುದು ಯುಕ್ತವಾಗಿದೆ.

ಈ ಕಥೆಯನ್ನು ಕನ್ನಡನಾಡಿನ ರಂಗಭೂಮಿಯು ಎರಡು ಕಡೆಗಳಲ್ಲಿ ಬೆಳೆಸಿತು. ಉತ್ತರ ಕರ್ನಾಟಕದಲ್ಲಿ ಶ್ರೀಕೃಷ್ಣಪಾರಿಜಾತವು ಒಂದು ಸ್ವತಂತ್ರ ಬಯಲಾಟದ ಬಗೆಯೇ ಆಯಿತು. ಕರಾವಳಿಯಲ್ಲಿ ಪಾರಿಜಾತ ಪ್ರಸಂಗವು ಯಕ್ಷಗಾನದ ಮೇಳಗಳಲ್ಲಿ, ಹಲವು ಸಲ ನರಕಾಸುರವಧೆಯೊಡನೆ ಕೂಡಿ, ಪ್ರಯೋಗಗೊಳ್ಳುತ್ತ ಬಂದಿದೆ. ಎರಡರಲ್ಲಿಯೂ ಸ್ವರ್ಗದ ಯುದ್ಧಕ್ಕಿಂತ ಸವತಿಯರ ಮತ್ಸರವೂ ಸತ್ಯಭಾಮೆಯ ಮಾತಿನ ಚಾತುರ್ಯವೂ ಪ್ರೇಕ್ಷಕರಿಗೆ ಹೆಚ್ಚು ಪ್ರಿಯವಾದುವು. ದೇವತರುವಿನ ಕಥೆಯು ಮನೆಯಂಗಳದ ಕಥೆಯಾಗಿ ಮಾರ್ಪಟ್ಟಿತು. ಮರವು ಮನೆಯಂಗಳಕ್ಕೆ ಬಂದ ನಾಡಿನಲ್ಲಿ ಇದು ಸಹಜವಾದ ಪರಿಣಾಮ.

ಪೂಜೆಯ ವಿಧಿಯೂ ಹೂವಿನ ಸ್ವಭಾವಕ್ಕೆ ಒಪ್ಪಿಕೊಂಡಿತು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದೆಂಬುದು ಸಾಮಾನ್ಯ ನಿಯಮ. ಪಾರಿಜಾತಕ್ಕೆ ಮಾತ್ರ ಇದರಿಂದ ವಿನಾಯಿತಿಯುಂಟೆಂಬುದು ರೂಢಿ. ಮರದ ಬುಡವನ್ನು ಸೆಗಣಿಯಿಂದ ಸಾರಿಸಿಯೋ ಬಟ್ಟೆಯನ್ನು ಹಾಸಿಯೋ ಇಟ್ಟು, ಬೆಳಗ್ಗೆ ಆಯ್ದುಕೊಂಡು ಬರುತ್ತಾರೆ. ಬಿದ್ದುದನ್ನು ಬಿಟ್ಟರೆ ಈ ಹೂವನ್ನು ಪಡೆಯುವ ದಾರಿಯೇ ಇಲ್ಲವಾದುದರಿಂದ ಶಾಸ್ತ್ರವು ಮರಕ್ಕೆ ಸೋತಿತು.

೮

ಕೊನೆಯದಾಗಿ, ಈ ಸೀಮೆಯದೇ ಆದ ಇನ್ನೊಂದು ಹೂವಿನೊಡನೆ ಇದನ್ನು ಹೋಲಿಸಿದರೆ ಪಾರಿಜಾತದ ಚರಿತ್ರೆಯ ವಿಶೇಷವು ಮತ್ತಷ್ಟು ತಿಳಿಯಾಗುತ್ತದೆ. ಕಾಪು ತಾಲ್ಲೂಕಿನ ಶಂಕರಪುರದ ಸುತ್ತ ಬೆಳೆಯುವ ಮಲ್ಲಿಗೆಯು ಉಡುಪಿ ಮಲ್ಲಿಗೆಯೆಂದು ಪ್ರಸಿದ್ಧವಾಗಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ಅದೂ ಸಂಜೆಯ ಮೇಲೆ ಅರಳುವ ಹೂವೇ. ಲಿನೇಯಸನು ೧೭೫೩ರಲ್ಲಿ ಈ ಜಾತಿಯ ಮಲ್ಲಿಗೆಯನ್ನೂ ನಿಕ್ಟಾಂಥಿಸ್ ಸಂಬಕ್ ಎಂದು ಪಾರಿಜಾತದ ಜೊತೆಯಲ್ಲಿಯೇ ಇರಿಸಿದ್ದನು. ೧೭೮೯ರಲ್ಲಿ ಏಟನ್ ಎಂಬವನು ಅದನ್ನು ಜಾಸ್ಮಿನಂ ಎಂಬ ಜಾತಿಗೆ ಸೇರಿಸಿದನು. ಬೇರೆಯಾದರೂ ಎರಡೂ ಒಂದೇ ಕುಟುಂಬದ ಗಿಡಗಳೆಂದು ಈಗಿನ ಶಾಸ್ತ್ರವು ಒಪ್ಪಿದೆ.

ಆದರೆ ಎರಡರ ಚರಿತ್ರೆಗಳು ಬೇರೆಬೇರೆ. ಮಲ್ಲಿಗೆಯ ಮೊಗ್ಗನ್ನು ಅರಳುವುದಕ್ಕೆ ಮುಂಚೆಯೇ ಬೆಳಗಿನಲ್ಲಿ ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ ಮಾರುತ್ತಾರೆ. ೮೦೦ ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದಿನಕ್ಕೂ ದರವನ್ನು ಗೊತ್ತುಮಾಡುವ ಪದ್ಧತಿಯುಂಟು. ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಅದು ಹೋಗುತ್ತದೆ. ಹೀಗೆ ಮಲ್ಲಿಗೆಗೆ ಅಳತೆ, ಬೆಲೆ, ಲೆಕ್ಕಪತ್ರಗಳ ಚರಿತ್ರೆಯಿದೆ. ಪಾರಿಜಾತವನ್ನು ಮೊಗ್ಗಿನಲ್ಲಿ ಕೊಯ್ದು ಪ್ರಯೋಜನವಿಲ್ಲ. ಅರಳಿದುದು ಬೆಳಗಿಗೆ ಬೀಳುತ್ತದೆ. ಬಿದ್ದುದು ಬಿಸಿಲೇರುವುದರೊಳಗೆ ಬಾಡುತ್ತದೆ. ಅದಕ್ಕೆ ಸಂತೆಯಿಲ್ಲ, ಅಳತೆಯಿಲ್ಲ, ದರವಿಲ್ಲ. ಅದರ ಚರಿತ್ರೆಯೆಲ್ಲ ಅದರ ಹೆಸರಿನಲ್ಲಿ ಅಡಗಿದೆ. ಹೆಸರನ್ನು ಸರಿಯಾಗಿ ಓದದಿದ್ದರೆ ಆ ಚರಿತ್ರೆಯೇ ಕೈಬಿಟ್ಟುಹೋಗುತ್ತದೆ.

ಇದುವರೆಗಿನ ವಿಚಾರದಿಂದ ಸಿದ್ಧಿಸುವ ಅಂಶಗಳು ಇವು. ಇರುಳರಳುವ ಹೂವಿನ ಹಳೆಯ ಹೆಸರು ಶೇಫಾಲಿಕೆ. ಪಾರಿಜಾತವೆಂಬುದು ಮೊದಲು ದೇವತರುವಿಗೂ, ಭೂಮಿಯಲ್ಲಿ ಹಾಲುವಾಣಕ್ಕೂ ಸಲ್ಲುತ್ತಿದ್ದಿತು. ಒಣನಾಡಿನಿಂದ ಕರಾವಳಿಗೆ ಬಂದ ಗಿಡಕ್ಕೆ ಅದರ ಕಂಪಿನ ಕಾರಣದಿಂದ ಪುರಾಣದ ಹೆಸರು ದೊರೆಯಿತು. ೧೫೬೩ಕ್ಕೆ ಮೊದಲೇ ಇದು ಗೋವೆಯಲ್ಲಿ ನೆಲೆಗೊಂಡಿದ್ದಿತು. ಆಮೇಲೆ ಹೂವಿನ ಗುಣಗಳು ಕಥೆಯನ್ನೂ ವಿಧಿಯನ್ನೂ ತಮಗೆ ತಕ್ಕಂತೆ ಮಾರ್ಪಡಿಸಿದುವು.

ಆದಕಾರಣ ಹಳೆಯ ಕಾವ್ಯಗಳಲ್ಲಿ ಪಾರಿಜಾತವೆಂಬ ಶಬ್ದ ಕಂಡಲ್ಲಿ ಟೀಕಾಕಾರರೂ ಉಪಾಧ್ಯಾಯರೂ ಆಯಾ ಪದ್ಯದ ವಿಶೇಷಣಗಳನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. ಮಂದಾರ, ಸಂತಾನಗಳ ಜೊತೆಯಲ್ಲಿ ಬಂದರೆ ಅದು ದೇವತರು. ಕೆಂಪನ್ನು ಮಾತ್ರ ಹೇಳಿ ಕಂಪನ್ನು ಹೇಳದಿದ್ದರೆ ಹಾಲುವಾಣವಾಗಿರುವ ಸಂಭವವುಂಟು. ಇರುಳು, ಉದುರುವಿಕೆ, ಅಂಗಳ ಇವುಗಳ ಪ್ರಸ್ತಾಪವಿದ್ದರೆ ಮಾತ್ರ ಅದು ಇಂದಿನ ಹೂ. ಅಂತಹ ಪ್ರಸ್ತಾಪವು ಯಾವ ಕಾವ್ಯದಲ್ಲಿ, ಯಾವ ಕಾಲದಲ್ಲಿ ಮೊದಲು ಕಾಣುವುದೋ ಅದೇ ಈ ಹೂವು ಕನ್ನಡ ಕಾವ್ಯಕ್ಕೆ ಪಾರಿಜಾತವಾಗಿ ಪ್ರವೇಶಿಸಿದ ಕಾಲವೆಂದು ಎಣಿಸಬಹುದಾಗಿದೆ. ಕಾವ್ಯಗಳ ಶಬ್ದಸೂಚಿಗಳನ್ನು ಸಿದ್ಧಪಡಿಸುವವರು ಪಾರಿಜಾತ, ಮಂದಾರ, ಶೇಫಾಲಿಕೆ, ಹಾಲುವಾಣ ಈ ನಾಲ್ಕು ಶಬ್ದಗಳನ್ನು ಅವುಗಳ ವಿಶೇಷಣಗಳೊಡನೆ ಪ್ರತ್ಯೇಕವಾಗಿ ಗುರುತಿಸಿಟ್ಟರೆ ಸಾಹಿತ್ಯಚರಿತ್ರೆಗೂ ಸಸ್ಯಚರಿತ್ರೆಗೂ ಸಮಾನವಾಗಿ ಉಪಕಾರವಾಗುವುದು.